ಅಜ್ಜನ ಚುಕ್ಕಿ, ಮೊಮ್ಮಗನ ಟೆಲಿಸ್ಕೋಪು

ಕಳೆದ ದೀಪಾವಳಿಗೆ ಮಗನಿಗೊಂದು ಟೆಲಿಸ್ಕೋಪು ಕೊಡಿಸಿದೆ. ಏಳನೇ ಕ್ಲಾಸಿನ ಹುಡುಗ, ಎರಡು ವರ್ಷದಿಂದ ಕೇಳುತ್ತಿದ್ದ. ಪೆಟ್ಟಿಗೆಯ ಮೇಲೆ ಅಗಲ ಉಂಗುರದ ಶನಿ, ಬಣ್ಣಬಣ್ಣದ ನೀಹಾರಿಕೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ '525 ಪಟ್ಟು' ಎಂದು ಮುದ್ರಿಸಿತ್ತು. ಡೊಂಬಿವಲಿಯ ನಮ್ಮ ಕಟ್ಟಡದ ಸೆಕ್ರೆಟರಿಯ ಮನವೊಲಿಸಿ ಟೆರೇಸಿನ ಬೀಗದ ಕೈ ಪಡೆದು ಅಪ್ಪ-ಮಗ ಇಬ್ಬರೂ ಮೇಲೆ ಹತ್ತಿದೆವು. ಒಂದೂವರೆ ಗಂಟೆ ಹೆಣಗಿದರೂ ಕಂಡದ್ದು ಕಿತ್ತಳೆ ಬಣ್ಣದ ಮಬ್ಬು ಮಾತ್ರ. ಎರಡನೇ ರಾತ್ರಿಯೂ ಅಷ್ಟೇ. ಮೂರನೇ ರಾತ್ರಿ ಯಾವುದೋ ಒಂದು ನಕ್ಷತ್ರ ಸಿಕ್ಕಿತು. "ಪಪ್ಪಾ, ಸಿಕ್ತು!" ಎಂದು ಅವನು ಕೂಗಿ, ನಾನು ಬಗ್ಗಿ ಕಣ್ಣಿಡುವಷ್ಟರಲ್ಲಿ ಅದೂ ಮಾಯ.

ನಾಲ್ಕನೇ ರಾತ್ರಿ ಅವನು ಬರಲಿಲ್ಲ. ಹೋಮ್‌ವರ್ಕ್ ಇದೆ ಎಂದ. ಟೆಲಿಸ್ಕೋಪು ಬಾಲ್ಕನಿ ಸೇರಿತು. ವಾರ ಕಳೆಯುವುದರೊಳಗೆ ಅದರ ಮೇಲೆ ಟವೆಲು ಒಣಗತೊಡಗಿತು. ಡಿಸೆಂಬರ್ ಬರುವ ಹೊತ್ತಿಗೆ ನಾನು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ 'ಅರ್ಧ ಬೆಲೆಗೆ ಮಾರಾಟಕ್ಕಿದೆ' ಎಂದು ಹಾಕಿಯೂ ಬಿಟ್ಟೆ. ಬಿ ವಿಂಗಿನವರೊಬ್ಬರು ಮುಂದಿನ ಭಾನುವಾರ ಬಂದು ನೋಡುತ್ತೇನೆ ಎಂದರು.

ಆ ಮಾರಾಟ ಯಾಕೆ ನಡೆಯಲಿಲ್ಲ ಎಂದು ಹೇಳುವುದಕ್ಕೇ ಈ ಬರಹ. ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇಂಥದೇ ಒಂದು ನಳಿಗೆ ಧೂಳು ಹಿಡಿಯುತ್ತಿದ್ದರೆ, ಓದಿದ ಮೇಲೆ ಒಮ್ಮೆ ಹೊರಗೆ ತೆಗೆಯಿರಿ.

ಎಂಟು ಸಾವಿರ ಕಿಂಡಿಗಳಲ್ಲಿ ಒಂದು

ನಮ್ಮ ಮೊದಲ ತಪ್ಪು ಆ 525ನ್ನು ನಂಬಿದ್ದು. ನಮ್ಮದು 70 ಮಿಲಿಮೀಟರ್ ಅಗಲದ ಮಸೂರವಿರುವ, 700 ಮಿಲಿಮೀಟರ್ ಸಂಗಮದೂರದ ಟೆಲಿಸ್ಕೋಪು. ಕಣ್ಣಿಡುವ ತುದಿಗೆ ಸಿಕ್ಕಿಸಲು ಮೂರು ಐಪೀಸುಗಳನ್ನು ಕೊಟ್ಟಿದ್ದರು: 25, 10 ಮತ್ತು 4 ಮಿಲಿಮೀಟರಿನವು. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಸುಲಭದ ಭಾಗಾಕಾರ. 700ನ್ನು 25ರಿಂದ ಭಾಗಿಸಿದರೆ 28, 10ರಿಂದ ಭಾಗಿಸಿದರೆ 70, 4ರಿಂದ ಭಾಗಿಸಿದರೆ 175. ಜೊತೆಗೆ ಕೊಟ್ಟಿದ್ದ, ಮೂರು ಪಟ್ಟು ಹೆಚ್ಚಿಸುವ ಬಾರ್ಲೋ ಮಸೂರವನ್ನೂ ಸೇರಿಸಿದರೆ 525. ಲೆಕ್ಕ ಸರಿ, ಆದರೆ ನೋಟಕ್ಕೆ ಉಪಯೋಗವಿಲ್ಲ. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು, ಅಂದರೆ ನಮ್ಮದಕ್ಕೆ 140, ಇಂಥ ಉಪಕರಣದ ಮಿತಿ. ಅದರಾಚೆ ಹೋದರೆ ಕಾಣುವುದು ದೊಡ್ಡ ಮಬ್ಬು, ಅಷ್ಟೇ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಹೆಚ್ಚು ಪಟ್ಟು ಎಂದರೆ ಚಿಕ್ಕ ಕಿಂಡಿ. 25ರ ಐಪೀಸಿನಲ್ಲಿ ನಮಗೆ ಕಾಣುವ ಆಕಾಶದ ತುಂಡಿನ ಅಗಲ ಸುಮಾರು 1.8 ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರರನ್ನು ಸಾಲಾಗಿ ಇಟ್ಟರೆ ಮೂರೂವರೆ ಚಂದ್ರ ಹಿಡಿಸುವಷ್ಟು. ಲೆಕ್ಕ ಹಾಕಿ ನೋಡಿದೆ. ದಿಗಂತದ ಮೇಲಿನ ಇಡೀ ಆಕಾಶವನ್ನು ತುಂಬಿಸಲು ಇಂಥ ಎಂಟು ಸಾವಿರ ಕಿಂಡಿಗಳು ಬೇಕು. 10ರ ಐಪೀಸಿನಲ್ಲಿ ಕಿಂಡಿ ಇನ್ನೂ ಸಣ್ಣದು, 0.7 ಡಿಗ್ರಿ. ನಾವು ಮೂರು ರಾತ್ರಿ ಮಾಡಿದ್ದು ಏನೆಂದರೆ, ಅತಿ ಸಣ್ಣ ಕಿಂಡಿ ಹಿಡಿದು ಕುರುಡಾಗಿ ಆಕಾಶವೆಲ್ಲ ತಡಕಾಡಿದ್ದು.

ಸಾಲದ್ದಕ್ಕೆ ಭೂಮಿ ತಿರುಗುತ್ತಿರುತ್ತದೆ. ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತದೆ. 10ರ ಐಪೀಸಿನಲ್ಲಿ ನಕ್ಷತ್ರವೊಂದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಮೂರು ನಿಮಿಷವೂ ಬೇಡ. ಮಗ ಕೂಗಿ, ನಾನು ಕನ್ನಡಕ ತೆಗೆದು, ಟ್ರೈಪಾಡಿಗೆ ಕಾಲು ತಾಗಿಸಿ ಬಗ್ಗುವಷ್ಟರಲ್ಲಿ ನಕ್ಷತ್ರ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೂರನೆಯದು ಫೈಂಡರ್. ನಳಿಗೆಯ ಬೆನ್ನ ಮೇಲೆ ಕೂತಿರುವ ಆ ಪುಟ್ಟ ದುರ್ಬೀನನ್ನು ನಾವು ಅಲಂಕಾರವೆಂದೇ ಬಗೆದಿದ್ದೆವು. ಅದರ ಕೆಲಸ ದೊಡ್ಡದು. ಅಗಲ ನೋಟದಲ್ಲಿ ವಸ್ತುವನ್ನು ಹಿಡಿದು, ಅದನ್ನೇ ದೊಡ್ಡ ನಳಿಗೆಯ ನಡುವಿಗೆ ತರಬೇಕು. ಅದಕ್ಕೆ ಎರಡೂ ಒಂದೇ ಕಡೆ ನೋಡುತ್ತಿರಬೇಕು. ಇದನ್ನು ಹಗಲಿನಲ್ಲೇ ಹೊಂದಿಸಬೇಕು. ದೂರದ ಮೊಬೈಲ್ ಟವರಿನ ತುದಿಯನ್ನು 25ರ ಐಪೀಸಿನ ನಡುವಿಗೆ ತಂದು, ಆಮೇಲೆ ಫೈಂಡರಿನ ತಿರುಪುಗಳನ್ನು ತಿರುಗಿಸುತ್ತ ಅದೇ ತುದಿ ಅದರ ನಡುವಿಗೂ ಬರುವಂತೆ ಮಾಡಬೇಕು. ಹತ್ತು ನಿಮಿಷದ ಕೆಲಸ. ಆದರೆ ಒಂದು ಎಚ್ಚರ: ಹಗಲಿನಲ್ಲಿ ಟೆಲಿಸ್ಕೋಪಾಗಲಿ ಫೈಂಡರಾಗಲಿ ಅಪ್ಪಿತಪ್ಪಿಯೂ ಸೂರ್ಯನ ಕಡೆ ತಿರುಗಬಾರದು. ಒಂದೇ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಮಕ್ಕಳಿದ್ದರೆ ದೊಡ್ಡವರು ಪಕ್ಕದಲ್ಲೇ ನಿಂತು ಮಾಡಿಸಬೇಕು.

ಇದನ್ನೆಲ್ಲ ನಾನು ಓದಿ ತಿಳಿದುಕೊಂಡದ್ದು ಆಮೇಲೆ. ಮೊದಲ ಪಾಠ ಮಾಡಿದ್ದು ನನ್ನ ಅಪ್ಪ.

"ಮಿರಗ ಮೂಡೈತಲ್ಲೋ!"

ಅಪ್ಪ ನವೆಂಬರಿನಲ್ಲಿ ಹಾವೇರಿ ಕಡೆಯ ನಮ್ಮೂರಿನಿಂದ ಬಂದಿದ್ದರು. ಎಪ್ಪತ್ತಾರರ ವಯಸ್ಸು, ಎರಡೂ ಕಣ್ಣಿಗೆ ಪೊರೆ. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮುಗಿದು, ಊರಿಗೆ ಹೋಗುವ ಮೊದಲು ಒಂದಿಷ್ಟು ದಿನ ಇಲ್ಲೇ ಇರಲಿ ಎಂದು ಉಳಿಸಿಕೊಂಡಿದ್ದೆವು. ಹೊಲದಲ್ಲೇ ಬದುಕು ಕಳೆದ ಮನುಷ್ಯನಿಗೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಾಡಲು ಏನಿದೆ? ಬೆಳಿಗ್ಗೆ ಎದ್ದರೆ ಬಾಲ್ಕನಿಯ ಕುರ್ಚಿ, ಸಂಜೆಯಾದರೆ ಅದೇ ಕುರ್ಚಿ. ಮೊಮ್ಮಗನ ಜೊತೆ ಮಾತಾಡೋಣವೆಂದರೆ ಅವನ ಕನ್ನಡ ಅರ್ಧ, ಉಳಿದರ್ಧ ಮರಾಠಿ, ಹಿಂದಿ. "ಅಜ್ಜಾ, ಚಹಾ ಬೇಕಾ?" ಎಂದು ಕೇಳುವಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ ಅಲ್ಲವೇ?

ಕೊಳ್ಳುವವರು ಬರುವುದಕ್ಕೆ ಹಿಂದಿನ ರಾತ್ರಿ, ಶನಿವಾರ, ಟೆಲಿಸ್ಕೋಪಿನ ಟವೆಲು ತೆಗೆದು ಒರೆಸಿದೆ. ಕೆಟ್ಟಿಲ್ಲ ಎಂದು ಖಾತ್ರಿಪಡಿಸಿಕೊಳ್ಳಲು ಮೇಲೆ ಒಯ್ಯುವಾಗ ಅಪ್ಪ, "ನಾನೂ ಬರ್ತೀನಿ" ಎಂದು ಎದ್ದರು. ಅಜ್ಜನ ಕೈ ಹಿಡಿದು ಮೆಟ್ಟಿಲು ಹತ್ತಿಸಲು ಮಗನೂ ಬಂದ.

ಹತ್ತು ಗಂಟೆಯ ಹೊತ್ತು. ಕೃಷ್ಣಪಕ್ಷ, ಚಂದ್ರ ಇನ್ನೂ ಹುಟ್ಟಿರಲಿಲ್ಲ. ಅಪ್ಪ ನೀರಿನ ಟ್ಯಾಂಕಿಗೆ ಆತು ನಿಂತು ಪೂರ್ವಕ್ಕೆ ಮುಖ ಮಾಡಿದರು. ನಿಂತವರು ಸುಮಾರು ಹೊತ್ತು ಮಾತಾಡಲಿಲ್ಲ.

"ಅಲ್ಲೋ, ಮಿರಗ ಮೂಡೈತಲ್ಲೋ!"

ಮಿರಗ ಎಂದರೆ ಮೃಗಶಿರ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನೇರ ಸಾಲಿನಲ್ಲಿ ಮೂರು ಚುಕ್ಕಿ, ಸುತ್ತ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಚಿಕ್ಕಂದಿನಲ್ಲಿ ಕಣದಲ್ಲಿ ಅವರ ಪಕ್ಕ ಮಲಗಿ ನೋಡಿದ್ದೇ. ಮುಂಬಯಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತಲೆ ಎತ್ತಿ ಹುಡುಕಿರಲಿಲ್ಲ.

"ಪೊರಿ ಬಂದಾಗಿಂದ ಚುಕ್ಕಿ ನೋಡಿದ್ದಿಲ್ಲ. ಎಲ್ಲಾ ಹತ್ತಿ ಹಿಂಜಿಧಂಗ ಕಾಣತಿತ್ತು" ಎಂದರು ಅಪ್ಪ. ಆಮೇಲೆ ಕೈ ಚಾಚಿ ಗೇಣು ಮಾಡಿ ಮೊಮ್ಮಗನಿಗೆ ತೋರಿಸತೊಡಗಿದರು. "ನೋಡ ತಮ್ಮಾ, ಈ ಮೂರು ಚುಕ್ಕಿ ಬಾಣ. ಬಾಣದ ಗೆರಿ ಹಿಡಿದು ಕೆಳಗ ಒಂದು ಗೇಣು ಬಾ. ಅಲ್ಲಿ ಬೇಡ ಕುಂತಾನ, ಥಳಥಳ ಹೊಳೀತಾನ. ಅದ ಗೆರಿ ಹಿಡಿದು ಮ್ಯಾಲ ಒಂದು ಗೇಣು ಹೋಗು, ಕೆಂಪಂದು ರೋಹಿಣಿ. ಇನ್ನೊಂದು ಚೋಟು ಮ್ಯಾಲ ಹೋದರ ಕೃತ್ತಿಕಿ, ಗೊಂಚಲದಂಗ."

ಹುಡುಗ ತನ್ನ ಪುಟ್ಟ ಕೈ ಚಾಚಿ ಗೇಣು ಅಳೆದ. ಸರಿಯಾಗಿ ಬೇಡನ ಮೇಲೇ ಬೆರಳು ನಿಂತಿತು. ಪುಸ್ತಕದಲ್ಲಿ ಆ ಬೇಡ ಲುಬ್ಧಕ, ಇಂಗ್ಲಿಷಿನಲ್ಲಿ ಸಿರಿಯಸ್, ರಾತ್ರಿಯ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ. ಮಿರಗ, ಬಾಣ, ಎಲ್ಲ ಸೇರಿ ಮಹಾವ್ಯಾಧ, ಅಂದರೆ ಓರಿಯನ್.

ಆಮೇಲೆ ತಿಳಿಯಿತು, ಅಪ್ಪನ ಗೇಣು ಖಗೋಳ ಹವ್ಯಾಸಿಗಳೆಲ್ಲ ಬಳಸುವ ಅಳತೆಯೇ. ಕೈಯನ್ನು ಪೂರ್ತಿ ಮುಂದೆ ಚಾಚಿದಾಗ ಕಿರುಬೆರಳಿನ ಅಗಲ ಒಂದು ಡಿಗ್ರಿ, ನಡುವಿನ ಮೂರು ಬೆರಳು ಸೇರಿದರೆ ಐದು, ಮುಷ್ಟಿ ಹತ್ತು, ಗೇಣು ಸುಮಾರು ಇಪ್ಪತ್ತು. ಮಕ್ಕಳ ಕೈ ಚಿಕ್ಕದಾದರೂ ತೋಳೂ ಗಿಡ್ಡವಾದ್ದರಿಂದ ಲೆಕ್ಕ ಹೆಚ್ಚುಕಮ್ಮಿ ಸರಿಯಾಗುತ್ತದೆ.

ಸ್ಟೇಷನ್ನಿನಿಂದ ಹೇಗೆ ಬರುವುದು?

ನಾವು ಹೊಸದಾಗಿ ಮುಂಬಯಿಗೆ ಬಂದಾಗ ಮನೆ ಹುಡುಕಿದ್ದು ಹೇಗೆ? ಯಾರೂ ನಕ್ಷೆ ಹಿಡಿದು ಹೊರಡಲಿಲ್ಲ. "ಸ್ಟೇಷನ್ನಿನ ಪೂರ್ವಕ್ಕೆ ಇಳಿಯಿರಿ, ಗಣಪತಿ ದೇವಸ್ಥಾನ ಬರುತ್ತದೆ, ಅಲ್ಲಿಂದ ಎಡಕ್ಕೆ, ಮೆಡಿಕಲ್ ದಾಟಿದ ಮೇಲೆ ಮೂರನೇ ಕಟ್ಟಡ." ಎಲ್ಲರಿಗೂ ಗೊತ್ತಿರುವ ದೊಡ್ಡ ಗುರುತಿನಿಂದ ಹೊರಟು, ಒಂದೊಂದೇ ಗುರುತು ಹಿಡಿದು ಸಣ್ಣ ಓಣಿಗೆ ತಲುಪುವುದು. ಆಕಾಶದಲ್ಲೂ ಇದೇ ದಾರಿ. ಬರಿಗಣ್ಣಿಗೆ ಕಾಣುವ ನಕ್ಷತ್ರದಿಂದ ಹೊರಟು, ಫೈಂಡರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, ಕಣ್ಣಿಗೆ ಕಾಣದ ವಸ್ತುವನ್ನು ಮುಟ್ಟುವುದು. ಟೆಲಿಸ್ಕೋಪು ತೋರಿಸುತ್ತದೆ, ಹುಡುಕುವುದಿಲ್ಲ. ಹುಡುಕುವುದು ಕಣ್ಣು ಮತ್ತು ನೆನಪು.

ನಮ್ಮ ಅದೃಷ್ಟವೆಂದರೆ ಆಕಾಶದ ದೊಡ್ಡ ಸ್ಟೇಷನ್ನುಗಳ ಹೆಸರು ನಮ್ಮ ಮನೆಗಳಲ್ಲಿ ಮೊದಲಿಂದಲೇ ಇವೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಇಪ್ಪತ್ತೇಳೂ ನಮ್ಮ ಅಜ್ಜಿಯರಿಗೆ ಬಾಯಿಪಾಠ. ನಮ್ಮಲ್ಲಿ ಹಲವರು ಅವನ್ನು ಮಳೆಯ ಹೆಸರುಗಳೆಂದೇ ತಿಳಿದಿದ್ದೇವೆ. ಮಗ ಅಂದು ಅಜ್ಜನನ್ನು ಕೇಳಿದ ಒಳ್ಳೆಯ ಪ್ರಶ್ನೆಯೂ ಅದೇ. "ಅಜ್ಜಾ, ಮಿರಗ ಮಳೆ ಜೂನಲ್ಲಿ ಬರ್ತದೆ ಅಂತೀರಿ, ಮತ್ತೆ ಮಿರಗ ಡಿಸೆಂಬರಲ್ಲಿ ಯಾಕೆ ಕಾಣ್ತದೆ?"

ಉತ್ತರ ಸೊಗಸಾಗಿದೆ. ಜೂನ್ ಎರಡನೇ ವಾರದಲ್ಲಿ ಸೂರ್ಯ ಮೃಗಶಿರ ನಕ್ಷತ್ರದಲ್ಲಿರುತ್ತಾನೆ, ಅದಕ್ಕೇ ಅದು ಮಿರಗ ಮಳೆ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ಆಗ ಆ ನಕ್ಷತ್ರ ನಮಗೆ ಕಾಣುವುದಿಲ್ಲ. ಆರು ತಿಂಗಳ ನಂತರ ಸೂರ್ಯ ಎದುರು ದಿಕ್ಕಿಗೆ ಹೋಗಿರುತ್ತಾನೆ. ಅವನು ಮುಳುಗುವ ಹೊತ್ತಿಗೆ ಮೃಗಶಿರ ಪೂರ್ವದಲ್ಲಿ ಏಳುತ್ತದೆ. ಆ ತಿಂಗಳ ಹುಣ್ಣಿಮೆಯ ಚಂದ್ರನೂ ಅಲ್ಲೇ ಆಸುಪಾಸಿನಲ್ಲಿರುತ್ತಾನೆ, ಅದಕ್ಕೇ ಅದು ಮಾರ್ಗಶಿರ ಮಾಸ. ಕೃತ್ತಿಕೆಯ ಬಳಿ ಹುಣ್ಣಿಮೆಯಾದರೆ ಕಾರ್ತಿಕ, ಚಿತ್ತೆಯ ಬಳಿಯಾದರೆ ಚೈತ್ರ. ಮಳೆಯ ಹೆಸರು ಸೂರ್ಯನ ವಿಳಾಸ, ತಿಂಗಳ ಹೆಸರು ಹುಣ್ಣಿಮೆ ಚಂದ್ರನ ವಿಳಾಸ.

ಗೋಡೆಗೆ ತೂಗು ಹಾಕಿರುವ ಕನ್ನಡ ಕ್ಯಾಲೆಂಡರು ಕೂಡ ಹುಡುಕುವ ಕೆಲಸಕ್ಕೆ ಬರುತ್ತದೆ. ಪ್ರತಿದಿನದ ಚೌಕದಲ್ಲಿ ಬರೆದಿರುವ ನಕ್ಷತ್ರ ಅಂದಿನ ಚಂದ್ರನ ಜಾಗ. 'ರೋಹಿಣಿ' ಎಂದಿದ್ದರೆ ಅಂದು ರಾತ್ರಿ ಚಂದ್ರನ ಹತ್ತಿರದ ಕೆಂಪು ನಕ್ಷತ್ರವೇ ರೋಹಿಣಿ. ಚಂದ್ರ ಸುಮಾರು ದಿನಕ್ಕೊಂದು ನಕ್ಷತ್ರದಂತೆ ಸಾಗುತ್ತ 27 ದಿನಗಳಲ್ಲಿ ಒಂದು ಸುತ್ತು ಮುಗಿಸುವುದರಿಂದ, ಒಂದು ತಿಂಗಳು ಅವನನ್ನು ಹಿಂಬಾಲಿಸಿದರೆ ಬಹಳಷ್ಟು ಗುರುತುಗಳು ಪರಿಚಯವಾಗುತ್ತವೆ. ಗ್ರಹಗಳಿಗೆ ಕಾಯಂ ವಿಳಾಸವಿಲ್ಲ. ಗುರು ರಾಶಿಗೆ ಒಂದು ವರ್ಷದಂತೆ, ಶನಿ ಎರಡೂವರೆ ವರ್ಷದಂತೆ ಬಾಡಿಗೆ ಮನೆ ಬದಲಿಸುತ್ತವೆ. ಅವು ಈಗ ಎಲ್ಲಿವೆ ಎಂಬುದು ಪಂಚಾಂಗದಲ್ಲಿದೆ. ಫಲ ಓದುವವರು ಓದಲಿ, ನಮಗೆ ಬೇಕಾದದ್ದು ವಿಳಾಸ. ಪಂಚಾಂಗ ಬೇಡವೆನ್ನುವವರು ಫೋನಿನಲ್ಲಿ ಸ್ಟೆಲೇರಿಯಂ ಹಾಕಿಕೊಳ್ಳಬಹುದು. ಪುಸ್ತಕ ಬೇಕೆಂದರೆ ಜಿ.ಟಿ. ನಾರಾಯಣರಾಯರ 'ನಕ್ಷತ್ರ ವೀಕ್ಷಣೆ' ಕನ್ನಡದಲ್ಲಿದೆ.

ಟೆರೇಸಿನಿಂದ ಏನೇನು ಕಾಣುತ್ತದೆ?

ಆ ಶನಿವಾರಕ್ಕೆ ಮರಳುತ್ತೇನೆ. ಅಪ್ಪ ತೋರಿಸಿದ ಕೃತ್ತಿಕೆಯ ಕಡೆ ಮಗ ನಳಿಗೆ ತಿರುಗಿಸಿದ. ಈ ಸಲ 25ರ ಐಪೀಸು. ನಳಿಗೆಯ ಬೆನ್ನಿನುದ್ದಕ್ಕೂ ಬಂದೂಕಿನ ಗುರಿ ನೋಡುವಂತೆ ನೋಡಿ, ಆಮೇಲೆ ಒಳಗೆ ಇಣುಕಿದ. ಅವನು ಕೂಗಲಿಲ್ಲ. ಮೆಲ್ಲಗೆ, "ಅಜ್ಜಾ, ಬನ್ನಿ" ಎಂದ.

ಡೊಂಬಿವಲಿಯ ಬೆಳಕಿನಲ್ಲಿ ಬರಿಗಣ್ಣಿಗೆ ಕೃತ್ತಿಕೆ ಒಂದು ಮಸುಕು ಗೊಂಚಲು, ಕಷ್ಟಪಟ್ಟರೆ ನಾಲ್ಕೈದು ಚುಕ್ಕಿ. ಕಿಂಡಿಯಲ್ಲಿ ನೀಲಿ ಬಿಳುಪಿನ ಏಳೆಂಟು ದೊಡ್ಡ ಹರಳುಗಳು, ಸುತ್ತ ಎಣಿಸಲು ಹೋದರೆ ಮೂವತ್ತು ದಾಟುವ ಪುಡಿ ಚುಕ್ಕಿಗಳು. ಅಪ್ಪ ಬಗ್ಗಿ ನೋಡಿದವರು ಅಲ್ಲೇ ನಿಂತರು. "ನಮ್ಮವ್ವ ಆರು ಅಂತ ಎಣಸತಿದ್ದಳು" ಎಂದಷ್ಟೇ ಹೇಳಿ ಮತ್ತೆ ಬಗ್ಗಿದರು. ಆ ಗೊಂಚಲು ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದು ನಮ್ಮ ಕಣ್ಣಿಗೆ ಬಿದ್ದ ಬೆಳಕು ಹೊರಟಾಗ ವಿಜಯನಗರ ಬಿದ್ದು ಸುಮಾರು ಎರಡು ದಶಕಗಳಾಗಿದ್ದವು.

ಮರುದಿನ ಬಿ ವಿಂಗಿನವರು ಬಂದಾಗ ಬಾಗಿಲು ತೆರೆದದ್ದು ಮಗ. "ವಿಕಾಯಚಾ ನಾಹಿ ಕಾಕಾ" ಎಂದುಬಿಟ್ಟ. ಮಾರುವುದಿಲ್ಲ ಎಂದು ನನಗೂ ಗೊತ್ತಾದದ್ದು ಆಗಲೇ.

ಅಲ್ಲಿಂದ ಒಂದು ವಾರ ಪ್ರತಿ ರಾತ್ರಿ ಮೂವರೂ ಟೆರೇಸಿನ ಮೇಲೆ. ಬೆಳಕಿನ ಕೊಳೆ ತುಂಬಿದ ನಗರದ ನಡುವೆಯೂ ಸಿಗುವ ವಸ್ತುಗಳು ಹಲವಿವೆ. ನಾವು ಹಿಡಿದವನ್ನು, ಹಿಡಿದ ದಾರಿಯನ್ನು ಹೇಳುತ್ತೇನೆ.

ಮಹಾವ್ಯಾಧನ ನೀಹಾರಿಕೆ: ಮಿರಗದ ಬಾಣದ ಮೂರು ಚುಕ್ಕಿಗಳಿಂದ ಮೂರು ಬೆರಳಿನಷ್ಟು ದಕ್ಷಿಣಕ್ಕೆ ಇನ್ನೊಂದು ಮಸುಕು ಸಾಲು ಇದೆ. ಅದರ ನಡುವಿನ ಚುಕ್ಕಿಗೆ ಗುರಿಯಿಡಿ. 28 ಪಟ್ಟಿನಲ್ಲಿ ಬೂದಿಬಣ್ಣದ ಒಂದು ಬೀಸಣಿಗೆ ಕಾಣುತ್ತದೆ. 70 ಪಟ್ಟಿಗೆ ಬದಲಿಸಿದರೆ ಅದರ ಎದೆಯಲ್ಲಿ ಒತ್ತೊತ್ತಾಗಿ ನಾಲ್ಕು ನಕ್ಷತ್ರ. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತೊಟ್ಟಿಲು ಅದು. ಪೆಟ್ಟಿಗೆಯ ಮೇಲಿನ ಗುಲಾಬಿ ಬಣ್ಣ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸದು, ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಟ್ಟು ಬಣ್ಣ ತೋರಿಸುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ನಿರಾಸೆ ತಪ್ಪುತ್ತದೆ.

ಗುರು: 2025-26ರ ಆ ಚಳಿಗಾಲದಲ್ಲಿ ಗುರು ಪುನರ್ವಸುವಿನ ಜೋಡಿ ನಕ್ಷತ್ರಗಳ ಬಳಿ ಇದ್ದ. ಮಿನುಗದೆ ಸ್ಥಿರವಾಗಿ ಉರಿಯುವುದರಿಂದ ತಪ್ಪಿಸಿಕೊಳ್ಳಲಾರ. 28 ಪಟ್ಟಿನಲ್ಲೇ ಅಕ್ಕಪಕ್ಕ ಒಂದೇ ಗೆರೆಯಲ್ಲಿ ನಾಲ್ಕು ಚಂದ್ರ ಕಾಣುತ್ತವೆ, ಕೆಲವು ದಿನ ಮೂರೇ. 1610ರ ಜನವರಿಯಲ್ಲಿ ಗೆಲಿಲಿಯೋ ಇವನ್ನು ಕಂಡದ್ದು ನಮ್ಮದಕ್ಕಿಂತ ಸಣ್ಣ, ಸುಮಾರು 20 ಪಟ್ಟಿನ ನಳಿಗೆಯಲ್ಲಿ. ಮಗ ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ ಚುಕ್ಕಿಗಳನ್ನು ಬರೆದಿಟ್ಟ. ನಾಲ್ಕು ದಿನದ ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟರೆ ಅವು ತಿರುಗುತ್ತಿರುವುದು ತಾನಾಗಿ ತಿಳಿಯುತ್ತದೆ.

ಶನಿ: ಪೆಟ್ಟಿಗೆಯ ಅಗಲ ಉಂಗುರಕ್ಕೆ ಆಸೆಪಟ್ಟವರಿಗೆ ಈ ಸಲ ಕಂಡದ್ದು ಮಣಿಗೆ ಚುಚ್ಚಿದ ಸೂಜಿ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ನಮ್ಮ ಕಡೆ ತಿರುಗಿತ್ತು. ಇಂಥದ್ದು ಸುಮಾರು ಹದಿನೈದು ವರ್ಷಕ್ಕೊಮ್ಮೆ ಬರುತ್ತದೆ. ಇನ್ನು ವರ್ಷದಿಂದ ವರ್ಷಕ್ಕೆ ಉಂಗುರ ಅಗಲವಾಗುತ್ತ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಈಗ ಬರೆದಿಟ್ಟ ಸೂಜಿಯನ್ನು ಮಗ ಕಾಲೇಜಿಗೆ ಹೋಗುವಾಗ ತೆಗೆದು ನೋಡಲಿ.

ಚಂದ್ರ: ಹುಣ್ಣಿಮೆಯ ದಿನ ನೋಡಬೇಡಿ, ನೆರಳಿಲ್ಲದೆ ಎಲ್ಲ ಚಪ್ಪಟೆ. ಶುಕ್ಲಪಕ್ಷದ ಸಪ್ತಮಿಯಿಂದ ದಶಮಿವರೆಗೆ ಬೆಳಕು-ಕತ್ತಲೆ ಸೇರುವ ಗೆರೆಯ ಗುಂಟ ನೋಡಿ. ಕುಳಿಗಳ ಅಂಚಿನ ನೆರಳು ನಾಟಕದ ಪರದೆಯಂತೆ ಎದ್ದು ನಿಲ್ಲುತ್ತದೆ. ನವಮಿ, ದಶಮಿಯ ಹೊತ್ತಿಗೆ ಕಾಣುವ ಕೋಪರ್ನಿಕಸ್ ಎಂಬ ಕುಳಿಯ ಅಗಲ 93 ಕಿಲೋಮೀಟರ್. ಡೊಂಬಿವಲಿಯಿಂದ ಹೊರಟು ಇಡೀ ಮುಂಬಯಿ ದಾಟಿ ಸಮುದ್ರದೊಳಕ್ಕೆ ಹೋದರೂ ಅದರ ಇನ್ನೊಂದು ಅಂಚು ಸಿಗದು.

ಅರುಂಧತಿ: ಇದಕ್ಕೆ ಏಪ್ರಿಲ್, ಮೇ ಸಂಜೆಗಳವರೆಗೆ ಕಾಯಬೇಕು. ಆಗ ಉತ್ತರದಲ್ಲಿ ಸಪ್ತರ್ಷಿ ಮಂಡಲ ಮೇಲೇರಿರುತ್ತದೆ. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅಂಟಿಕೊಂಡಂತೆ ಇರುವ ಮಸುಕಾದದ್ದು ಅರುಂಧತಿ. ಮದುವೆಯಲ್ಲಿ ಪುರೋಹಿತರು ತೋರಿಸಿದಾಗ ಕಾಣದಿದ್ದರೂ ತಲೆಯಾಡಿಸಿದವರು ಈಗ ನಿಜವಾಗಿ ನೋಡಬಹುದು. 70 ಪಟ್ಟಿನಲ್ಲಿ ಇನ್ನೊಂದು ಸೋಜಿಗ ಕಾದಿದೆ: ವಸಿಷ್ಠ ಒಂದಲ್ಲ, ಎರಡು ನಕ್ಷತ್ರ.

ಕೆಲವು ಸಣ್ಣ ಸಂಗತಿಗಳು. ಯಾವಾಗಲೂ ಕಡಿಮೆ ಪಟ್ಟಿನ ಐಪೀಸಿನಲ್ಲೇ ಹುಡುಕಿ, ಸಿಕ್ಕ ಮೇಲೆ ಮಾತ್ರ ಬದಲಿಸಿ. ಟ್ರೈಪಾಡ್ ಅಲುಗಾಡುತ್ತಿದ್ದರೆ ಅದರ ನಡುವಿಗೆ ನೀರಿನ ಬಾಟಲಿ ತುಂಬಿದ ಚೀಲ ತೂಗುಹಾಕಿ. ನಳಿಗೆಯನ್ನು ಇಪ್ಪತ್ತು ನಿಮಿಷ ಮೊದಲೇ ಹೊರಗಿಡಿ, ಹೊರಗಿನ ತಂಪಿಗೆ ಹೊಂದಿಕೊಂಡರೆ ನೋಟ ಕದಡುವುದಿಲ್ಲ. ಇಂಥ ನಳಿಗೆಯಲ್ಲಿ ಎಡ-ಬಲ ಅದಲುಬದಲಾಗಿ ಕಾಣುತ್ತದೆ, ಹಲವು ಫೈಂಡರುಗಳಲ್ಲಿ ತಲೆಕೆಳಗಾಗಿ. ಗಾಬರಿ ಬೇಡ, ಎರಡು ರಾತ್ರಿಯಲ್ಲಿ ಕೈಗೆ ರೂಢಿಯಾಗುತ್ತದೆ.

ವಾಂಗಣಿಯ ಕತ್ತಲೆ

ಅಮಾವಾಸ್ಯೆಯ ಆಸುಪಾಸಿನ ಶನಿವಾರ ನಾವು ಕರ್ಜತ್ ಲೋಕಲ್ ಹಿಡಿದು ವಾಂಗಣಿಗೆ ಹೋದೆವು. ಬದಲಾಪುರ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್. ಮುಂಬಯಿಯ ಖಗೋಳ ಮಂಡಳದಂಥ ಹವ್ಯಾಸಿಗಳು ಆಕಾಶ ನೋಡಲು ಅಲ್ಲಿಗೆ ಹೋಗುತ್ತ ಬಂದಿದ್ದಾರೆ. ನಾವು ಹೋದದ್ದು ನನ್ನ ಸಹೋದ್ಯೋಗಿಯೊಬ್ಬರ ತೋಟದ ಮನೆಗೆ. ಟ್ರೈಪಾಡನ್ನು ಅಪ್ಪ ಕೊಡೆಯ ಹಾಗೆ ಹೆಗಲಿಗೆ ಹಾಕಿಕೊಂಡಿದ್ದರು.

ಅಂದಿನ ಗುರಿ ಒಂದೇ: ಆಂಡ್ರೊಮಿಡಾ ಗೆಲಾಕ್ಸಿ. ನಮ್ಮ ಆಕಾಶಗಂಗೆಯ ಆಚೆ, ಅದರಂಥದೇ ಇನ್ನೊಂದು ನಕ್ಷತ್ರಲೋಕ. ಡೊಂಬಿವಲಿಯಿಂದ ಎಷ್ಟು ಪ್ರಯತ್ನಿಸಿದರೂ ನಮಗೆ ಸಿಕ್ಕಿರಲಿಲ್ಲ. ದಾರಿಯನ್ನು ಮಗ ಕಾಗದದ ಮೇಲೆ ಬರೆದುಕೊಂಡಿದ್ದ. ಪೂರ್ವಾಭಾದ್ರ ಮತ್ತು ಉತ್ತರಾಭಾದ್ರದ ನಾಲ್ಕು ತಾರೆ ಸೇರಿ ಆಕಾಶದಲ್ಲಿ ಒಂದು ದೊಡ್ಡ ಚೌಕ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಏಳೂವರೆಗೆ ಹೆಚ್ಚುಕಮ್ಮಿ ನೆತ್ತಿಯ ಮೇಲಿರುತ್ತದೆ. ಅದರ ಈಶಾನ್ಯ ಮೂಲೆಯಿಂದ ಹೊರಗೆ ನಕ್ಷತ್ರಗಳ ಒಂದು ಸಾಲು ಹೊರಡುತ್ತದೆ. ಮೂಲೆಯನ್ನು ಬಿಟ್ಟು ಎರಡನೆಯದು ಮಿರಾಕ್. ಅಲ್ಲಿ ಉತ್ತರಕ್ಕೆ ತಿರುಗಿ ಸುಮಾರು ನಾಲ್ಕು ಡಿಗ್ರಿ ಹೋದರೆ ಒಂದು ಮಂದ ನಕ್ಷತ್ರ. ಮತ್ತೆ ಅಷ್ಟೇ ದೂರ ಮುಂದೆ ಹೋದರೆ ನಮ್ಮ ಮನೆ.

ಹೇಳಿದಷ್ಟು ಸುಲಭವಿರಲಿಲ್ಲ. ನೆತ್ತಿಯ ಕಡೆ ನೋಡಬೇಕಾದ್ದರಿಂದ ನಳಿಗೆಯ ಹಿಂಬದಿ ಟ್ರೈಪಾಡಿನ ಕಾಲಿಗೆ ಬಡಿಯುತ್ತಿತ್ತು. ನೆಲದ ಮೇಲೆ ಮೊಣಕಾಲೂರಿ ಮಗ ಎರಡು ಸಲ ದಾರಿ ತಪ್ಪಿದ. ನಾನು ಸಹಾಯಕ್ಕೆ ಹೋದರೆ, "ಪಪ್ಪಾ, ತಡೀರಿ" ಎಂದ. ಮೂರನೇ ಸಲ ಮತ್ತೆ ಚೌಕದಿಂದಲೇ ಶುರುಮಾಡಿದ. ಮೂಲೆ, ಒಂದು, ಎರಡು, ತಿರುವು, ಒಂದು ಜಿಗಿತ, ಇನ್ನೊಂದು ಜಿಗಿತ. ಆಮೇಲೆ ಸುಮ್ಮನಾದ.

ಕಿಂಡಿಯಲ್ಲಿ ಕಂಡದ್ದು ಉಗುರಿನಿಂದ ತೀಡಿದಂಥ ಒಂದು ಉದ್ದನೆಯ ಬಿಳಿ ಮಸುಕು, ನಡುವೆ ತುಸು ಗಟ್ಟಿ. ಅಷ್ಟೇ. ಅಪ್ಪನಿಗೆ ಮೊದಲಿಗೆ ಏನೂ ಕಾಣಲಿಲ್ಲ. ಆಗ ಮಗ ತಾನು ಓದಿದ್ದ ಉಪಾಯ ಹೇಳಿದ. ಕಣ್ಣಿನ ನಡುಭಾಗ ಮಂದ ಬೆಳಕಿಗೆ ಅಷ್ಟು ಸೂಕ್ಷ್ಮವಲ್ಲ, ಅಂಚಿನ ಭಾಗ ಹೆಚ್ಚು ಸೂಕ್ಷ್ಮ. ಕತ್ತಲೆಗೆ ಅರ್ಧ ಗಂಟೆ ಕಣ್ಣು ಪಳಗಿಸಿಕೊಂಡು, ವಸ್ತುವನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಅದು ಎದ್ದು ಕಾಣುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಹುಡುಗ ಕಣ್ಣು ಹೊರಳಿಸಿ ತೋರಿಸಿದ.

"ಓಹೋ, ಓರೆಗಣ್ಣಿಲೆ ನೋಡಂತೀ!" ಎಂದರು ಅಪ್ಪ ನಗುತ್ತ. ಅಂದು ಮಗನಿಗೆ ಒಂದು ಕನ್ನಡ ಪದ ಸಿಕ್ಕಿತು. ಅಪ್ಪ ಮತ್ತೆ ಬಗ್ಗಿದರು. ಒಂದು ನಿಮಿಷ. "ಹೂಂ. ಬಂತು. ಹೊಗಿ ಇದ್ದಂಗೈತಿ."

"ಅಜ್ಜಾ, ಆ ಬೆಳಕು ಅಲ್ಲಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷ ಆಯ್ತು."

ಅಪ್ಪ ಐಪೀಸಿನಿಂದ ಕಣ್ಣು ತೆಗೆಯದೆ ಕೇಳಿದರು, "ಅಷ್ಟು ದೂರದ್ದು ಹುಡುಕಿದ್ದು ನೀನ ಏನೋ ತಮ್ಮಾ?"

"ಹೌದು ಅಜ್ಜಾ. ಚೌಕದಿಂದ."

ಸಂಕ್ರಾಂತಿಗೆ ಮೊದಲು ಅಪ್ಪ ಊರಿಗೆ ಹೋದರು. ಈಗ ವಾರಕ್ಕೆರಡು ಸಲ ರಾತ್ರಿ ಫೋನು. ಮೊದಲು "ಊಟ ಆಯ್ತಾ" ಎನ್ನುವಲ್ಲಿಗೆ ಮುಗಿಯುತ್ತಿದ್ದ ಮಾತು ಈಗ ಬೆಳೆಯುತ್ತದೆ. ಅಲ್ಲಿ ಅಂಗಳದಲ್ಲಿ ಅವರು, ಇಲ್ಲಿ ಟೆರೇಸಿನಲ್ಲಿ ಇವನು. "ಅಜ್ಜಾ, ಮಿರಗ ಎಲ್ಲಿದೆ?" "ನೆತ್ತಿ ಮ್ಯಾಲ ಬಂದೈತಿ. ನಿಂಗೂ?" "ನಮಗೂ." ನಡುವೆ ಐನೂರಕ್ಕೂ ಹೆಚ್ಚು ಕಿಲೋಮೀಟರು, ಮೇಲೆ ಅದೇ ಮೂರು ಚುಕ್ಕಿ.

ಮುಂದಿನ ಅಮಾವಾಸ್ಯೆಯ ಹತ್ತಿರದ ಶನಿವಾರ, ಟೆರೇಸಿನ ಬೀಗದ ಕೈ ಕೇಳಿಕೊಳ್ಳಿ. ಟೆಲಿಸ್ಕೋಪು ಇಲ್ಲದಿದ್ದರೂ ಪರವಾಗಿಲ್ಲ. ಮನೆಯ ಹಿರಿಯರೊಬ್ಬರನ್ನು, ಮಗುವೊಂದನ್ನು ಜೊತೆಗೆ ಕರೆದೊಯ್ದು ಮೊದಲು ಆ ಮೂರು ಚುಕ್ಕಿ ಹುಡುಕಿ. ಅಲ್ಲಿಂದ ಮುಂದಿನ ದಾರಿಗೆ ಒಂದು ಗೇಣು ಸಾಕು.